ತೆರಕಣಾಂಬಿಯಲ್ಲಿ ಬಿದ್ದ ಹಿಮ

ಗುಂಡ್ಲುಪೇಟೆಯ ವಿಡಿಯೊ ರಂಗಸ್ವಾಮಿ ಹದಿನಾಲ್ಕು ವರ್ಷಗಳಲ್ಲಿ ಮುನ್ನೂರ ಹನ್ನೆರಡು ಮದುವೆಗಳನ್ನು ತೆಗೆದಿದ್ದ. ಅವುಗಳಲ್ಲಿ ಒಂದನ್ನಾದರೂ ಮುಂದಕ್ಕೆ ಓಡಿಸದೆ ಪೂರ್ತಿ ನೋಡಿದವರನ್ನು ಅವನು ಕಂಡಿರಲಿಲ್ಲ. ಧಾರೆಯವರೆಗೆ ಒಂದು ಓಟ, ಅಲ್ಲಿಂದ ಊಟದ ಪಂಕ್ತಿಗೆ ಇನ್ನೊಂದು ಓಟ. ತಮ್ಮ ಮುಖ ಬಂದಾಗ ಮಾತ್ರ ಜನ ನಿಲ್ಲಿಸುತ್ತಿದ್ದರು. ಅವನ ಮನೆಯ ರಿಮೋಟಿನಲ್ಲೇ ಮುಂದಕ್ಕೆ ಓಡಿಸುವ ಗುಂಡಿಯ ಮೇಲಿನ ಬಾಣದ ಗುರುತು ಸವೆದು ಮಾಯವಾಗಿತ್ತು. ಅದು ಹೆಂಡತಿ ಸುಂದ್ರಮ್ಮನ ಹೆಬ್ಬೆರಳಿನ ಕೆಲಸ.

"ನೀವು ತೆಗೆದಿರೋದು ಚೆಂದಾಗೇ ಅದೆ. ಆದ್ರೆ ಎಲ್ಲಾ ಮದ್ವೇಲೂ ಅದೇ ಅಕ್ಕಿಕಾಳು, ಅದೇ ಪಾಯಸ. ಎಷ್ಟ್ ಸಲ ನೋಡನ?" ಎನ್ನುತ್ತಿದ್ದಳು ಅವಳು.

2005ರ ನವೆಂಬರಿನಲ್ಲಿ ಅನ್ನಮ್ಮ ಟೀಚರ್ ಅಂಗಡಿಗೆ ಬಂದರು. ಅವರು ಕೇರಳದ ಬತ್ತೇರಿ ಕಡೆಯಿಂದ ಮದುವೆಯಾಗಿ ಬಂದು ಇಪ್ಪತ್ತು ವರ್ಷಗಳಿಂದ ಊರಿನ ಮಕ್ಕಳಿಗೆ ಲೆಕ್ಕ ಕಲಿಸುತ್ತಿದ್ದವರು. ಅವರ ಪ್ರಾರ್ಥನಾ ಕೂಟದಲ್ಲಿ ಇದ್ದದ್ದು ಹದಿನಾಲ್ಕೇ ಮನೆ. ಕ್ರಿಸ್ಮಸ್ ಸಂಜೆ ಎಲ್ಲರೂ ಕುಳಿತು ನೋಡುವಂಥ, ಇಪ್ಪತ್ತು ನಿಮಿಷದ ಒಂದು ಸಂಸಾರದ ಚಿತ್ರ ಬೇಕಿತ್ತು. ಕಥೆ ಅವರೇ ಬರೆದಿದ್ದರು: ಜಗಳವಾಡಿ ಅಂಗಳದ ನಡುವೆ ಗೋಡೆ ಹಾಕಿಕೊಂಡ ಅಣ್ಣತಮ್ಮಂದಿರು ಕ್ರಿಸ್ಮಸ್ ದಿನ ಒಂದಾಗುತ್ತಾರೆ. ಮಧ್ಯಾಹ್ನದ ಊಟ, ಎರಡು ಹೊತ್ತಿನ ಟೀ ಬಿಟ್ಟರೆ ಕೊಡಲು ಅವರ ಹತ್ತಿರ ಬೇರೇನೂ ಇರಲಿಲ್ಲ. ಅವರು ಹೇಳಿ ಮುಗಿಸುವ ಮೊದಲೇ ರಂಗಸ್ವಾಮಿ ಒಪ್ಪಿದ್ದ.

ಮನೆಗೆ ಬಂದವನು ಸುಂದ್ರಮ್ಮನಿಗೆ ಹೇಳಿದ: "ಇದೊಂದನ್ನ ಜನ ಓಡಿಸ್ದೆ ನೋಡ್ಬೇಕು ಕಣೆ."

"ಜನ ಓಡ್ಸು ಅಂದ್ರೆ?"

"ಅಂದ್ರೆ ನಾನು ಮದ್ವೆ ಮನೇಲೇ ಇದ್ಬುಡ್ತೀನಿ. ಕತೆ ಗಿತೆ ಅಂತ ಇನ್ನೊಂದಿನ ಬಾಯ್ಬುಡಲ್ಲ."

ಚಿತ್ರೀಕರಣಕ್ಕೆ ಎರಡು ಭಾನುವಾರಗಳನ್ನು ಗೊತ್ತುಮಾಡಿದರು. ನಡುವೆ ಮೂರು ವಾರ ಮದುವೆಗಳಿದ್ದವು. ಜಾಗ ತೆರಕಣಾಂಬಿಯಲ್ಲಿ ಲಿಂಗಯ್ಯನ ಮನೆಯ ಅಂಗಳ. ಅರಿಶಿನ ಬೆಳೆಯುವ ಲಿಂಗಯ್ಯ ಪೌರಾಣಿಕ ನಾಟಕಗಳಲ್ಲಿ ಹೆಸರು ಮಾಡಿದ್ದವನು. ಅಣ್ಣನ ಪಾತ್ರ ಅವನದು. ತಮ್ಮನಾಗಿ ಬಸ್ ಸ್ಟ್ಯಾಂಡಿನ ಏಜೆಂಟ್ ಚಿಕ್ಕಬಸವಯ್ಯ. ಮೊದಲ ಭಾನುವಾರ ಲಿಂಗಯ್ಯ "ಟೀ ಕುಡಿಯೋಣ ಬಾ" ಎಂಬ ಮಾತನ್ನು ಎಷ್ಟು ಜೋರಾಗಿ ಹೇಳಿದನೆಂದರೆ ಪಕ್ಕದ ಬೀದಿಯಿಂದ ಇಬ್ಬರು ಟೀ ಕುಡಿಯಲು ಬಂದರು. ಗೋಡೆ ಕಟ್ಟುವವರೆಗಿನ ಅರ್ಧ ಚಿತ್ರ ಅಂದು ಮುಗಿಯಿತು.

ಎರಡನೆಯ ಭಾನುವಾರ ಬಾಗಿಲು ತೆರೆದ ಲಿಂಗಯ್ಯ ಕಪ್ಪು ಪಂಚೆ ಉಟ್ಟಿದ್ದ. ಕೊರಳಲ್ಲಿ ಮಣಿಮಾಲೆ, ಹಣೆಯಲ್ಲಿ ಗಂಧ, ಮುಖದ ತುಂಬ ಗಡ್ಡ. ಶಬರಿಮಲೆಗೆ ಮಾಲೆ ಹಾಕಿದ್ದ. ಇನ್ನು ನಾಲ್ಕು ದಿನಕ್ಕೆ ಹೊರಡುವವನಿದ್ದ.

"ಗಡ್ಡ ತೆಗಿಯಂಗಿಲ್ಲ, ಬಟ್ಟೆ ಬದಲಾಯ್ಸಂಗಿಲ್ಲ," ಅಂದ. "ಗಂಧ ಬೇಕಾರೆ ಒಂದ್ಗಳಿಗೆ ಒರಸ್ಕತ್ತೀನಿ ಟೀಚರ್, ಹಬ್ಬ ನಿಮ್ದು."

ಅನ್ನಮ್ಮ ಟೀಚರ್ ಕಥೆಯ ಹಾಳೆಯನ್ನು ಮಡಚಿದರು. "ಇರಲಿ ಸ್ವಾಮಿ, ಒರೆಸಬೇಡಿ. ತಮ್ಮನ ಚಿಂತೆಯಲ್ಲಿ ಅಣ್ಣ ಗಡ್ಡ ಬಿಟ್ಟ ಅಂದುಕೊಳ್ಳೋಣ."

"ಕರೀ ಪಂಚೆಗೆ ಏನಂದ್ಕೊಳ್ಳೋದು?" ಚಿಕ್ಕಬಸವಯ್ಯ ಕೇಳಿದ.

"ಅದ್ನ ನೀನು ಅಂದ್ಕೊ ಕಣ್ಲಾ, ಸುಮ್ಗಿರು," ಎಂದು ಲಿಂಗಯ್ಯ ಗದರಿದ.

ರಂಗಸ್ವಾಮಿಯ ತಲೆಯಲ್ಲಿದ್ದದ್ದು ಬೇರೆಯದೇ ವಿಷಯ, ಹಿಮ. ಅವನು ನೋಡಿದ್ದ ಕ್ರಿಸ್ಮಸ್ ಕಾರ್ಡುಗಳಲ್ಲೆಲ್ಲ ಹಿಮ ಬೀಳುತ್ತಿತ್ತು.

"ಈ ಊರಲ್ಲಿ ಹಿಮ ಬಿದ್ದದ್ದು ಯಾವಾಗ ನೋಡಿದ್ದೀರಿ ರಂಗಸ್ವಾಮಿ?" ಎಂದು ಟೀಚರ್ ಮೊದಲೇ ಕೇಳಿದ್ದರು.

"ಕಾರ್ಡಲ್ಲಿ ನೋಡಿವ್ನಿ ಟೀಚರ್."

ಹಾಸಿಗೆ ಅಂಗಡಿಯಿಂದ ಎರಡು ಚೀಲ ಅರಳೆ ತಂದಿದ್ದ. ಸುಂದ್ರಮ್ಮ ಏಣಿಯ ಮೇಲೆ ನಿಂತು ಮೊರದಿಂದ ಅದನ್ನು ಉದುರಿಸಬೇಕು, ಕೆಳಗೆ ಅಣ್ಣತಮ್ಮಂದಿರು ತಬ್ಬಿಕೊಳ್ಳಬೇಕು. ಮೊದಲು ಉದುರಿಸಿದ ಅರಳೆ ಮುದ್ದೆಮುದ್ದೆಯಾಗಿ ನೇರ ನೆಲಕ್ಕೆ ಬಿತ್ತು. ಹಗುರವಾಗಿ ಹಾರಲೆಂದು ರಂಗಸ್ವಾಮಿ ಮದುವೆ ಮನೆಗಳಿಗೆ ಒಯ್ಯುವ ಸ್ಟ್ಯಾಂಡ್ ಫ್ಯಾನನ್ನು ಕೆಳಗಿಟ್ಟು ಮೇಲ್ಮುಖವಾಗಿ ತಿರುಗಿಸಿದ. ಹಿಮ ಈಗ ಚೆನ್ನಾಗಿಯೇ ಹಾರಿತು, ಆದರೆ ಮೇಲಕ್ಕೆ.

ಕ್ಯಾಮೆರಾ ಓಡುತ್ತಿತ್ತು. ಚಿಕ್ಕಬಸವಯ್ಯ "ಅಣ್ಣಾ, ತಪ್ಪಾಯ್ತು" ಎಂದ. ಲಿಂಗಯ್ಯ ಕೈಚಾಚಿ ಒಂದು ಹೆಜ್ಜೆ ಎತ್ತಿದ. ಆಗ ಮೂಗಿಗೆ ಅರಳೆ ಹೊಕ್ಕು ಚಿಕ್ಕಬಸವಯ್ಯ ಸೀನಿದ. ಒಂದೇ ಸಲ.

ಒಂಟಿ ಸೀನಿಗೆ ಹೆಜ್ಜೆ ಮುಂದಿಡಬಾರದು; ಇನ್ನೊಂದು ಬಂದು ಜೋಡಿಯಾದರೆ ದೋಷವಿಲ್ಲ. ಎಂದೂ ಇದನ್ನು ತಪ್ಪಿಸದ ಲಿಂಗಯ್ಯ ಮಾಲೆ ಹಾಕಿದ ಮೇಲೆ ತಪ್ಪಿಸುವುದುಂಟೆ? ಎತ್ತಿದ ಹೆಜ್ಜೆಯನ್ನು ಹಿಂದಕ್ಕಿಟ್ಟು, ಚಾಚಿದ ಕೈ ಚಾಚಿದಂತೆಯೇ ನಿಂತುಬಿಟ್ಟ. ಚಿಕ್ಕಬಸವಯ್ಯನಿಗೂ ವಿಷಯ ಗೊತ್ತು. ಎರಡನೆಯ ಸೀನಿಗಾಗಿ ಮುಖವೆತ್ತಿ ಕಾದ. ಅದು ಬರಲೊಲ್ಲದು. ಅವನ ಕಣ್ಣು ಕೆಂಪಾಯಿತು, ನೀರು ತುಂಬಿ ಕೆನ್ನೆಗಿಳಿಯಿತು. ಅಣ್ಣನ ಕೈ ನೋವಿಗೆ ನಡುಗತೊಡಗಿತು. ಹನ್ನೊಂದು ಸೆಕೆಂಡಾದ ಮೇಲೆ ಎರಡನೆಯ ಸೀನು ಬಂತು. ಲಿಂಗಯ್ಯ ಜೀವ ಬಂದವನಂತೆ ನುಗ್ಗಿ ತಮ್ಮನನ್ನು ತಬ್ಬಿಕೊಂಡ.

ಇನ್ನೊಮ್ಮೆ ತೆಗೆಯೋಣವೆಂದರೆ ಅರಳೆ ಅಷ್ಟೂ ಪಕ್ಕದವರ ಮಾಡಿನ ಮೇಲಿತ್ತು.

ಮಿಕ್ಸಿಂಗ್ ಮಾಡಿಸಲು ರಂಗಸ್ವಾಮಿ ಟೇಪು ಹಿಡಿದು ಚಾಮರಾಜನಗರಕ್ಕೆ ಹೋದ. ಸ್ಟುಡಿಯೊದ ರೇವಂತ್ ಕಂಪ್ಯೂಟರಿನಲ್ಲಿ ನೋಡಿ, "ಅಣ್ಣ, ಸೀನಿದ್ದು, ನಿಂತಿದ್ದು ಎಲ್ಲಾ ಕತ್ತರಿಸ್ಬುಡ್ಲಾ? ಹಾರ್ಟ್ ಶೇಪಲ್ಲಿ ಇಬ್ರನ್ನೂ ಹಾಕ್ಬುಡ್ತೀನಿ," ಅಂದ.

ರಂಗಸ್ವಾಮಿ ಆ ಭಾಗವನ್ನು ನಾಲ್ಕು ಸಲ ಹಾಕಿಸಿದ. ಸೀನಿದ್ದೆರಡನ್ನೂ ಕತ್ತರಿಸಿದರೆ ನಡುವೆ ಇಬ್ಬರೂ ನಿಂತದ್ದು ಮಾತ್ರ ಉಳಿಯುತ್ತಿತ್ತು. "ಸೀನಿದ್ದು ಕತ್ತರ್ಸು, ನಿಂತಿರೋದು ಇರ್ಲಿ ಬುಡು. ಹಾರ್ಟ್ ಬ್ಯಾಡ," ಅಂದ. ಬಸ್ಸಿನಲ್ಲಿ ವಾಪಸ್ಸು ಬರುವಾಗ, ಹನ್ನೊಂದು ಸೆಕೆಂಡು ಯಾರೂ ಮಾತಾಡದ ದೃಶ್ಯದಲ್ಲಿ ಜನ 'ಓಡ್ಸು' ಎನ್ನದೆ ಇರುತ್ತಾರೆಯೇ ಎಂಬ ಯೋಚನೆ ಅವನನ್ನು ತೆರಕಣಾಂಬಿ ದಾಟುವವರೆಗೂ ಬಿಡಲಿಲ್ಲ.

ಕ್ರಿಸ್ಮಸ್ ಸಂಜೆ ಪ್ರಾರ್ಥನಾ ಮನೆಯ ಹಿಂದಿನ ಹಾಲಿನಲ್ಲಿ ರಂಗಸ್ವಾಮಿ ತನ್ನದೇ ಟಿವಿಯನ್ನೂ ಸಿಡಿ ಪ್ಲೇಯರನ್ನೂ ಇಟ್ಟ. ಹದಿನಾಲ್ಕು ಮನೆಯವರ ಜೊತೆ ಬೀದಿಯವರೂ ಬಂದಿದ್ದರು. ರಿಮೋಟ್ ಸುಂದ್ರಮ್ಮನ ಕೈಯಲ್ಲಿತ್ತು; ಅವನು ಬಾಗಿಲ ಬಳಿ ನಿಂತ.

ಲಿಂಗಯ್ಯ ಟೀಗೆ ಕರೆದಾಗ ಮಕ್ಕಳು ಕಿವಿ ಮುಚ್ಚಿಕೊಂಡು ನಕ್ಕರು. ಗೋಡೆ ಎದ್ದ ಮರುಕ್ಷಣವೇ ಅಣ್ಣ ಕಪ್ಪು ಪಂಚೆಯಲ್ಲಿ ಬಂದ. "ಇದ್ಯಾಕ್ಲಾ, ಸಿಟ್ಟಿಗೆ ಮಾಲೆ ಹಾಕ್ಬುಟ್ನಾ?" ಎಂದು ಯಾರೋ ಅಂದದ್ದಕ್ಕೆ ಹಾಲಿಗೆ ಹಾಲೇ ನಕ್ಕಿತು. ಹಿಮ ಮೇಲಕ್ಕೆ ಹಾರಿದಾಗ ನಗು ಇನ್ನೂ ಹೆಚ್ಚಾಯಿತು. ರಂಗಸ್ವಾಮಿ ಹೊರಟುಬಿಡಲೆಂದು ಚಪ್ಪಲಿ ಮೆಟ್ಟಿಕೊಂಡ.

"ಅಣ್ಣಾ, ತಪ್ಪಾಯ್ತು."

ಅಣ್ಣ ಕೈಚಾಚಿ ನಿಂತ. ನಗು ಒಂದೊಂದೇ ಬೆಂಚಿನಿಂದ ಇಳಿಯಿತು. ತಮ್ಮನ ಕೆನ್ನೆಯ ಮೇಲೆ ನೀರು ಜಾರಿತು, ಅಣ್ಣನ ಕೈ ನಡುಗಿತು. ಹಾಲಿನಲ್ಲಿ ಪ್ಲೇಯರಿನ ಸದ್ದು ಕೇಳಿಸುವಷ್ಟು ಮೌನ. ತಬ್ಬಿಕೊಂಡಾಗ, ಎಲ್ಲ ಗೊತ್ತಿದ್ದ ಅನ್ನಮ್ಮ ಟೀಚರ್ ಕೂಡ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಚಿತ್ರ ಮುಗಿಯಿತು. ಮುಂದಿನ ಬೆಂಚಿನಲ್ಲಿ ಕುಳಿತಿದ್ದ ಪಕ್ಕದ ಬೀದಿಯ ಮಂಚಮ್ಮಜ್ಜಿ ಹಿಂದಕ್ಕೆ ತಿರುಗಿ, "ಆ ಅಣ್ಣತಮ್ಮ ನಿಂತ್ಕತ್ತರಲ್ಲ, ಅದ್ನ ಇನ್ನೊಂದ್ಸಲ ಆಕು ಕಣಮ್ಮಿ," ಅಂದಳು.

ಸುಂದ್ರಮ್ಮ ರಿಮೋಟನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ಆಮೇಲೆ ಗಂಡನನ್ನು ಕರೆದಳು.

"ಇಲ್ ಬನ್ನಿ, ಹಿಂದಕ್ಕೆ ಓಡ್ಸೋದು ಯಾವ ಗುಂಡಿ?"

ರಂಗಸ್ವಾಮಿ ಚಪ್ಪಲಿ ಬಿಟ್ಟು ಒಳಗೆ ಬಂದ. ಸವೆದ ಗುಂಡಿಯ ಪಕ್ಕದಲ್ಲೇ ಅದಿತ್ತು, ಬಾಣದ ಗುರುತು ಹೊಸದರಂತೆ ಬೆಳ್ಳಗೆ ಹೊಳೆಯುತ್ತಿತ್ತು. ತಾನೇ ಒತ್ತಿದ.