ಸಮುದ್ರದಲ್ಲಿ ಕೆರೆಬೇಟೆ

ಸಮುದ್ರ ಅಂದ್ರೆ ಇನ್ನೊಂದಿಷ್ಟು ದೊಡ್ಡ ಸೂಳೆಕೆರೆ ಅಂದುಕೊಂಡು ಹೋದವರು ನಾವು. ನಗಬೇಡಿ. ಅಷ್ಟು ದೊಡ್ಡ ಕೆರೆಯ ದಂಡೆಯಲ್ಲಿ ಹುಟ್ಟಿ ಬೆಳೆದವರಿಗೆ ನೀರಿನ ವಿಷಯದಲ್ಲಿ ಒಂದು ಜಂಬ ಇರ್ತದೆ.

ಎಪ್ಪತ್ತರ ದಶಕದ ಕೊನೆಗೆ ಒಂದು ವರ್ಷ ಕೆರೆಯ ಮೀನಿನ ಗುತ್ತಿಗೆ ಬೇರೆಯವರ ಪಾಲಾಯ್ತು. ನಮ್ಮ ಬಲೆಗಳು ಗೂಟಕ್ಕೆ ನೇತಾಡಿಕೊಂಡು ಉಳಿದವು. ಚನ್ನಗಿರಿ ಸಂತೆಗೆ ಒಣಮೀನು ತರ್ತಿದ್ದ ವ್ಯಾಪಾರಿಯೊಬ್ಬ, "ಆಂಧ್ರದ ಕಡೆ ಸಮುದ್ರದ ದಂಡೇಲಿ ಮೀನು ಒಣಗಿಸೋ ಕೆಲಸ ಐತೆ, ಎರಡು ತಿಂಗಳಿಗೆ ಬರ್ರಿ" ಅಂದ. ಮೂರು ಜನ ಹೊರಟೆವು. ನಾನು, ನನ್ನ ಗಂಡ, ನಮ್ಮತ್ತೆ. ಅತ್ತೆ ಅಂದ್ರೆ ಬರೀ ಗಂಡನ ತಾಯಿ ಅಲ್ಲ, ನಮ್ಮಪ್ಪನ ಸ್ವಂತ ಅಕ್ಕ. ತಾಯಿಯಿಲ್ಲದ ನನ್ನನ್ನ ಸಾಕಿ, ತನ್ನ ಮಗನಿಗೇ ತಂದುಕೊಂಡವಳು. ನಾನಾಗ ಆರು ತಿಂಗಳ ಬಸುರಿ. "ಇವಳನ್ನ ಮನೇಲಿ ಬಿಟ್ರೆ ಹುಣಸೆಹಣ್ಣು ತಿಂದೇ ಹೊಟ್ಟೆ ಕೆಡಿಸ್ಕೊಂತಾಳೆ, ನಡೀರಿ ಕರ್ಕೊಂಡು" ಅಂದವಳೂ ಅವಳೇ.

ಕೆರೆಬೇಟೆಯಲ್ಲಿ ನಮ್ಮತ್ತೆಯನ್ನ ಮೀರಿಸೋರು ಸುತ್ತಮುತ್ತ ಇರಲಿಲ್ಲ. ಬೇಸಿಗೆಯಲ್ಲಿ ಸಣ್ಣಪುಟ್ಟ ಕೆರೆ ಬತ್ತಿ ಕೆಸರಾದಾಗ ಊರಿಗೆ ಊರೇ ಬುಟ್ಟಿ ಹಿಡಿದು ಇಳಿಯೋದಕ್ಕೆ ಕೆರೆಬೇಟೆ ಅಂತೀವಿ. ಮೊದಲು ಇಳಿದವರಿಗೆ ದೊಡ್ಡ ಮೀನು. ಅದು ಗಂಡಸರ ಕೆಲಸ ಅಂತ ಯಾರಾದ್ರೂ ತಡೆದ್ರೆ, "ಮೀನೇನು ಮೀಸೆ ನೋಡಿ ಸಿಗ್ತದೇನೋ?" ಅಂತ ಬೈದು ಸೀರೆ ಎತ್ತಿ ಕಟ್ಟಿ ಎಲ್ಲರಿಗಿಂತ ಮುಂದೆ ಓಡ್ತಿದ್ದಳು.

ನಾವು ಅಲ್ಲಿಗೆ ಹೋದ ಮೂರನೇ ವಾರಕ್ಕೆ ಗಾಳಿ ಎದ್ದಿತು. ಅಲ್ಲಿಯ ಜನ ಹಿಂದಿನ ದಿನವೇ ದೋಣಿಗಳನ್ನ ಮೇಲೆಳೆದು ಕಟ್ಟಿ, ನಮ್ಮನ್ನೂ ದಂಡೆ ಮೇಲಿನ ಕಲ್ಲಿನ ಗೋಡೌನಿಗೆ ಸೇರಿಸಿದ್ದರು. ಬೆಳಿಗ್ಗೆಯಿಂದ ಗಾಳಿ ಹೊಡೆದದ್ದೇ ಹೊಡೆದದ್ದು. ತಗಡುಗಳು ಹಾರಿಹೋದವು. ತೆಂಗಿನ ಮರಗಳು ಬುಡಸಮೇತ ಮಲಗಿದವು. ಪಕ್ಕದಲ್ಲಿ ಕೂತವರ ಮಾತೂ ಕೇಳ್ತಿರಲಿಲ್ಲ. ಅತ್ತೆ ಎರಡೂ ಕೈ ನನ್ನ ಹೊಟ್ಟೆ ಮೇಲಿಟ್ಟುಕೊಂಡೇ ಕೂತಿದ್ದಳು.

ಮಧ್ಯಾಹ್ನ ಗಾಳಿ ನಿಂತೇಹೋಯ್ತು. ಬಿಸಿಲೂ ಬಂತು. ಹೊರಗೆ ಬಂದು ನೋಡಿದ್ರೆ, ಅಯ್ಯೋ ಶಿವನೇ, ಸಮುದ್ರವೇ ಇಲ್ಲ! ನೀರು ಎಲ್ಲೋ ದೂರಕ್ಕೆ ಸರಿದು, ಕೆಸರಲ್ಲಿ ಮೀನುಗಳು ಪಟಪಟ ಬಡ್ಕೊಳ್ತಿದ್ದವು. ಅಲ್ಲಿಯವರು ಒಬ್ಬರೂ ಇಳಿಯಲಿಲ್ಲ. ಗೋಡೌನಿನ ಮಾಳಿಗೆ ಹತ್ತುತ್ತಾ ನಮ್ಮನ್ನೂ ಕೂಗಿದರು. ಗಾಳಿ ತಿರುಗಿ ಬರ್ತದೆ, ನೀರೂ ಬರ್ತದೆ ಅಂದರು. ಅವರ ಮಾತು ನಮಗೆ ಅರ್ಥವಾಯ್ತು. ನಂಬಲಿಲ್ಲ, ಅಷ್ಟೇ. ನಮ್ಮ ಕಡೆ ಇಳಿದ ನೀರು ಮಳೆಗಾಲದ ತನಕ ತಿರುಗಿ ಬಂದದ್ದುಂಟೇ?

"ಇವರಿಗೆ ಮೀನು ನೋಡಿ ನೋಡಿ ಕಣ್ಣು ಸತ್ತೈತೆ" ಅಂತ ಅತ್ತೆ ಬುಟ್ಟಿ ಎತ್ತಿಕೊಂಡಳು. "ಬಸುರಿ, ನೀನು ಇಲ್ಲೇ ಇರು. ಲೋ, ನೀನು ಇನ್ನೊಂದು ಬುಟ್ಟಿ ತಗೊಂಡು ಬಾರೋ." ಅಂದವಳೇ ಇಳಿದು ಓಡಿದಳು. ನಾನು ನಗ್ತಾ ನಿಂತಿದ್ದೆ. ದೇವರಾಣೆ, ನಗ್ತಾ ಇದ್ದೆ.

ಗಂಡ ಬುಟ್ಟಿ ಹುಡುಕಿ ತರೋ ಹೊತ್ತಿಗೆ ಗಾಳಿ ಇನ್ನೊಂದು ಕಡೆಯಿಂದ ಬಡಿಯಿತು. ದೂರದಲ್ಲಿ ಕಪ್ಪಗೆ ಒಂದು ಗೋಡೆ ಕಂಡಿತು. ಅಲೆ ಅಂದ್ರೆ ಬಂದು ಒಡೀತದೆ. ಇದು ಒಡೀಲಿಲ್ಲ, ಎದ್ದು ನಿಂತಹಾಗೇ ಬರ್ತಿತ್ತು. ಅತ್ತೆಯೂ ನೋಡಿದಳು. ಬುಟ್ಟಿ ಬಿಸಾಕಿ ತಿರುಗಿ ಓಡಿ ಬಂದಳು. ದಂಡೆಗೆ ಇನ್ನು ಇಪ್ಪತ್ತು ಮಾರು ಇದ್ದಂಗೆ ಎರಡೂ ಕಾಲು ಮೊಣಕಾಲ ತನಕ ಕೆಸರಲ್ಲಿ ಹೂತುಕೊಂಡವು. ಕೈ ಚಾಚಿ ಮಗನ್ನ ಕರೆದಳು.

ಗಂಡ ಒಂದು ಹೆಜ್ಜೆ ಇಟ್ಟರು. ನಾನು ಹಿಂದಿನಿಂದ ಹಿಡ್ಕೊಂಡೆ. "ಹೋಗಬೇಡ್ರೀ, ಹೊಟ್ಟೇಲಿರೋದಕ್ಕೆ ಅಪ್ಪ ಬೇಕು" ಅಂತ ಕಿರುಚಿದೆ. ಅವರು ನಿಂತರು. ಆಮೇಲೆ ಮೇಲಿನಿಂದ ಯಾರೋ ನಮ್ಮಿಬ್ಬರನ್ನೂ ಮೆಟ್ಟಿಲ ಮೇಲಕ್ಕೆ ಎಳ್ಕೊಂಡರು. ನೀರು ಮಾಳಿಗೆಯ ಅಂಚಿಗೆ ಬಂತು. ಅತ್ತೆ ಇದ್ದ ಜಾಗದಲ್ಲಿ ಮನೆಗಳ ತೊಲೆಗಳು ತೇಲ್ತಿದ್ದವು.

ಹೆಣ ಸಿಗಲಿಲ್ಲ. ಊರಿಗೆ ಬಂದು ಸೂಳೆಕೆರೆ ದಂಡೇಲಿ ಕರ್ಮ ಮಾಡಿದೆವು. ಕೇಳಿದವರಿಗೆಲ್ಲ ಗಂಡ ಒಂದೇ ಮಾತು ಹೇಳಿದರು: "ನಾನು ಹೊರಟಿದ್ದೆ, ಇವಳು ಬಿಡಲಿಲ್ಲ." ಸುಳ್ಳೇನಲ್ಲ. ಆದ್ರೆ ಊರಿನ ಬಾಯಿಗೆ ಅಷ್ಟೇ ಸಾಕಾಯ್ತು. ಸಾಕಿದ ಅತ್ತೆಯನ್ನೇ ನೀರಿಗೆ ಬಿಟ್ಟವಳು ಅಂದರು. ನಲ್ಲಿ ಹತ್ತಿರ ಅಂದರು, ಸವಳಂಗದಲ್ಲಿ ನೆಂಟರ ಮದುವೆಗೆ ಹೋದ್ರೆ ಅಲ್ಲೂ ಅಂದರು. ಅದನ್ನೆಲ್ಲ ತಡ್ಕೊಂಡೆ, ನನಗೂ ಬಾಯಿ ಐತೆ, ತಿರುಗಿಸಿ ಕೊಟ್ಟೆ. ತಡೆಯಾಕೆ ಆಗದ್ದು ನಮ್ಮಪ್ಪಂದು. ಅಕ್ಕನನ್ನ ಕಳ್ಕೊಂಡ ಆ ಮನುಷ್ಯ ನನ್ನ ಹೊಸ್ತಿಲು ತುಳಿಯಲಿಲ್ಲ. ಮೊಮ್ಮಗಳನ್ನ ಬೀದಿಯಲ್ಲಿ ಎತ್ತಿ ಮುದ್ದಾಡ್ತಿದ್ದ, ನನ್ನ ಕಂಡ್ರೆ ಇಳಿಸಿ ಹೋಗ್ತಿದ್ದ. ಹತ್ತು ವರ್ಷ, ನನ್ನ ಜತೆ ಒಂದು ಮಾತಿಲ್ಲ.

ಎಂಬತ್ತರ ದಶಕ ಮುಗೀತಾ ಬಂದಾಗ ಅಪ್ಪ ತೀರಿಕೊಂಡ. ತಿಥಿ ಮುಗಿಸಿ ಬಂದು ಜಗಲಿ ಮೇಲೆ ಕೂತು ಅಳ್ತಿದ್ದೆ. ಗಂಡ ಎದುರಿಗೆ ಬಂದು ಕೂತರು.

"ಅವತ್ತು ನೀನು ಹಿಡಿದದ್ದು ನನ್ನ ಕೈಯಲ್ಲ ಕಣೆ, ಅಂಗಿ. ಹಳೇ ಅಂಗಿ. ಒಂದು ಸಲ ಜಗ್ಗಿದ್ರೆ ಹರೀತಿತ್ತು" ಅಂದರು. "ನಾನು ಜಗ್ಗಲಿಲ್ಲ. ನೀನು ಹಿಡಿದಿದ್ದು ಒಳ್ಳೇದಾಯ್ತು ಅನ್ನಿಸ್ತು."

ನನ್ನ ಅಳು ನಿಂತುಹೋಯ್ತು.

"ಇದನ್ನ ನಮ್ಮಪ್ಪನ ಹತ್ರ ಹೇಳಾಕೆ ನಿಮಗೆ ಏನಾಗಿತ್ತು?" ಅಂದೆ.

"ಹೇಳಬೇಕು ಅಂತಲೇ ಇದ್ದೆ" ಅಂದರು.