ಒಂದು ಪಕ್ಕದ ತುಕ್ಕು

ಅಮೀನಾ ನನ್ನ ಅಂಗಡಿಗೆ ಮೊದಲ ಸಲ ಬಂದದ್ದು ಬಟ್ಟೆ ಸೋಪಿಗೆ. ಆಮೇಲೆ ಬದುಕಿದ್ದಷ್ಟು ಕಾಲವೂ ಹೆಚ್ಚುಕಡಿಮೆ ಅದಕ್ಕೇ ಬಂದಳು. ಲೊಟ್ಟೆಗೊಲ್ಲಹಳ್ಳಿಯ ರೈಲು ಹಳಿಯ ಪಕ್ಕದ ಬೀದಿಯಲ್ಲಿ ನನ್ನದೊಂದು ಚಿಲ್ಲರೆ ಅಂಗಡಿ. ಎದುರಿಗೇ ಅವರ ಮನೆ. ಬೀದಿಯ ಉಳಿದ ಹೆಂಗಸರು ತಿಂಗಳಿಗೆ ಕೊಳ್ಳುವಷ್ಟು ಸೋಪನ್ನು ಅವಳು ವಾರಕ್ಕೆ ಕೊಳ್ಳುತ್ತಿದ್ದಳು. ಜೊತೆಗೆ ವಾಷಿಂಗ್ ಸೋಡಾ, ನಿಂಬೆಹಣ್ಣು, ಕಲ್ಲುಪ್ಪು. ನನ್ನ ಬಾಯಿ ಸುಮ್ಮನಿರುವುದಲ್ಲ. ಒಂದು ದಿನ ಕೇಳಿಯೇಬಿಟ್ಟೆ.

"ಏನಮ್ಮ, ಮನೇಲಿ ಧೋಬಿಘಾಟ್ ಇಟ್ಕೊಂಡಿದ್ದೀಯಾ?"

"ಇಲ್ಲ ಗೋಪಾಲಕ್ಕ, ನಮ್ಮ ಮನೆಯವ್ರು ಯಶವಂತಪುರ ಯಾರ್ಡಲ್ಲಿ ಗೂಡ್ಸ್ ಗಾಡಿ ಕೆಳಗೆ ಮಲಗ್ತಾರೆ," ಎಂದು ನಕ್ಕಳು.

ಗಂಡ ಗುಲಾಮ್ ರಸೂಲ್ ರೈಲ್ವೆಯಲ್ಲಿ ಫಿಟ್ಟರ್. ಗೂಡ್ಸ್ ಗಾಡಿಯ ವ್ಯಾಗನ್ನುಗಳ ಅಡಿಗೆ ನುಸುಳಿ ಬ್ರೇಕು, ಸ್ಪ್ರಿಂಗು ನೋಡುವ ಕೆಲಸ. ಸಂಜೆ ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡರೆ ಖಾಕಿ ಎಲ್ಲಿ ಮುಗಿದು ಮನುಷ್ಯ ಎಲ್ಲಿ ಶುರುವಾಗುತ್ತಾನೆ ಎಂದು ಗೊತ್ತಾಗುತ್ತಿರಲಿಲ್ಲ. ಅದೇ ಖಾಕಿ ಮರುದಿನ ಮಹಡಿಯ ತಂತಿಯ ಮೇಲೆ ಈಗಷ್ಟೇ ಹೊಲಿಸಿದ ಶಾಲೆಯ ಯೂನಿಫಾರಂ ಥರ ಹಾರಾಡುತ್ತಿತ್ತು. ಅದು ಅಮೀನಾಳ ಕೈ.

ಅವಳಿಗೆ ಕೊಳೆಯ ಲೆಕ್ಕಾಚಾರವೇ ಬೇರೆ. ಅಂಗಿಯನ್ನು ಬೆಳಕಿಗೆ ಹಿಡಿದು, "ಇವತ್ತು ಕಲ್ಲಿದ್ದಲು ಗಾಡಿ ಅಕ್ಕ" ಎನ್ನುವಳು. ಇನ್ನೊಂದು ದಿನ, "ಇದು ಸಿಮೆಂಟು, ಬೆವರಿಗೆ ಗಟ್ಟಿ ಕಟ್ಟಿದೆ ನೋಡಿ." ಬ್ರೇಕಿನ ಪುಡಿ ನಸುಗಂದು, ಉಜ್ಜಿದರೆ ಇನ್ನೂ ಒಳಗಿಳಿಯುತ್ತದೆ, ಮೊದಲು ಕೊಡವಬೇಕು. ಗ್ರೀಸಿನ ಕರೆಗೆ ನಡುವೆ ಕಪ್ಪು, ಅಂಚಿನಲ್ಲಿ ಹಳದಿ. ತುಕ್ಕು ಹಸಿಯಿದ್ದಾಗ ಕಿತ್ತಳೆ, ಹಳೆಯದಾದಂತೆ ಕಂದು, ತೀರ ಹಳೆಯದು ಕಪ್ಪಿಗೆ ಹತ್ತಿರ. ಅದಕ್ಕೆ ನಿಂಬೆರಸ, ಉಪ್ಪು, ಬಿಸಿಲು. ಸೋಪು ಮಾರುವ ನನಗೇ ಗೊತ್ತಿಲ್ಲದ ಸಂಗತಿಗಳು. ಅವಳು ಯಾರ್ಡಿಗೆ ಒಂದು ದಿನವೂ ಹೋದವಳಲ್ಲ. ಆದರೆ ಯಾರ್ಡಿನಲ್ಲಿ ಆ ದಿನ ಏನು ಬಂದಿತ್ತು ಎಂದು ಗಂಡ ಬಾಯಿಬಿಡುವ ಮೊದಲೇ ಹೇಳುತ್ತಿದ್ದಳು.

ರಸೂಲ್ ಭಾಯಿ ರಿಟೈರ್ ಆದರು. ನನ್ನ ಅಂಗಡಿಯ ಸೋಪಿನ ವ್ಯಾಪಾರ ಬಿದ್ದುಹೋಯಿತು. ಅವರೂ ಬಿದ್ದುಹೋದ ಹಾಗೆಯೇ ಇದ್ದರು. ಬೆಳಿಗ್ಗೆ ಎದ್ದು ಹಳಿಯ ಬದಿಗೆ ಹೋಗಿ ನಿಲ್ಲುವುದು, ಗಾಡಿ ಎಣಿಸುವುದು, ಬಂದು ಹೆಂಡತಿ ಮಾಡಿದ ಚಹಾದಲ್ಲಿ ತಪ್ಪು ಹುಡುಕುವುದು. ಹಳಿಯ ಬದಿಯಲ್ಲೇ ಅವರಿಗೆ ಮುನಿರತ್ನ ಸಿಕ್ಕಿದ್ದು. ಅಲ್ಲಾಳಸಂದ್ರದ ಹುಡುಗ ಎನ್ನುತ್ತೇನೆ, ನಲವತ್ತರ ಮೇಲಾಗಿದೆ. ಗೂಡ್ಸ್ ಗಾಡಿಯ ಫೋಟೋ ಹಿಡಿಯಲು ಹಳಿಯ ಬಳಿಗೆ ಬರುತ್ತಿದ್ದ. ಅವನೂ ಅವನಂಥ ಕೆಲವರೂ ಸೇರಿ ಆಟಿಕೆ ಗಾತ್ರದ ರೈಲು ಕಟ್ಟುವ ಒಂದು ಗುಂಪು ಮಾಡಿಕೊಂಡಿದ್ದರು. ಭಾಯಿಯನ್ನೂ ಎಳೆದುಕೊಂಡ.

ಅಲ್ಲಿಂದ ಮನುಷ್ಯನಿಗೆ ಜೀವ ಬಂತು. ಪ್ಲಾಸ್ಟಿಕ್ ಹಾಳೆ ಕತ್ತರಿಸಿ, ಅಂಟಿಸಿ, ಅಂಗೈಗಿಂತ ತುಸು ಉದ್ದದ ವ್ಯಾಗನ್ ಕಟ್ಟುತ್ತಿದ್ದರು. ಬಾಗಿಲಿಗೆ ಚಿಲಕ, ಏಣಿ, ಅಡಿಯಲ್ಲಿ ಬ್ರೇಕಿನ ರಾಡು, ತಗಡು ಬೆಸೆಯುವ ಸಾಲುಸಾಲು ರಿವೆಟ್ಟು. ರಿವೆಟ್ಟಿಗೆ ಮೊಂಡು ಸೂಜಿಯಿಂದ ಹಾಳೆಯ ಹಿಂದಿನಿಂದ ಒತ್ತಬೇಕು. ಒಂದು ಓರೆಯಾದರೆ ಹಾಳೆಯನ್ನೇ ಎಸೆಯುತ್ತಿದ್ದರು. ಅವರ ಕೆಲಸದಲ್ಲಿ ತಪ್ಪು ಹುಡುಕುವ ಹಾಗಿರಲಿಲ್ಲ, ಅದನ್ನು ಒಪ್ಪುತ್ತೇನೆ.

ಆದರೆ ಮುನಿರತ್ನ ಅಡ್ಡಡ್ಡ ತಲೆ ಆಡಿಸಿದ. "ಅಂಕಲ್, ಸೂಪರಾಗಿದೆ. ಆದ್ರೆ ಗಿಫ್ಟ್ ಡಬ್ಬ ಥರ ಇದೆ. ಓಡಾಡಿದ ಗಾಡಿ ಥರ ಕಾಣಬೇಕು. ತುಕ್ಕು, ಧೂಳು, ಎಣ್ಣೆ. ವೆದರಿಂಗ್ ಅಂತಾರೆ."

ಭಾಯಿ ಕಂದು ಬಣ್ಣ ತಂದು ಬಳಿದರು. ಯಾರೋ ಹುಳಿ ಚೆಲ್ಲಿದ ಹಾಗೆ ಕಂಡಿತು. ಒರೆಸಿ ಮತ್ತೆ ಬಳಿದರು, ಈ ಸಲ ಚಾಕೊಲೇಟ್ ಆಯಿತು. ಯಾರ್ಡಿನಲ್ಲಿದ್ದಷ್ಟು ವರ್ಷವೂ ಕೊಳೆಯೆಂದರೆ ಅವರಿಗೆ ಬಟ್ಟೆಚೂರಿನಿಂದ ಒರೆಸಿ ಅದರಡಿಯ ಬಿರುಕು ಹುಡುಕಬೇಕಾದ ಅಡ್ಡಿ, ಅಷ್ಟೇ. ಅದನ್ನು ನೋಡಿದವರೇ ಅಲ್ಲ.

ಅಮೀನಾ ಬಾಗಿಲಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕಳಂತೆ. "ಇದಾ ತುಕ್ಕು? ಕೊಡಿ ಇಲ್ಲಿ."

ಇಟ್ಟಿಗೆಯ ಪುಡಿ, ತವೆಯ ತಳದ ಮಸಿ, ತುಕ್ಕು ಹಿಡಿದ ಮೊಳೆಗಳನ್ನು ನೆನೆಹಾಕಿದ ನೀರು, ಮಗಳು ಅತೀಯಾ ಮದುವೆಯಾಗಿ ತುಮಕೂರಿಗೆ ಹೋಗುವಾಗ ಬಿಟ್ಟುಹೋದ ಪೌಡರಿನ ಸ್ಪಂಜು. ಇಷ್ಟೇ ಅವಳ ಸಾಮಾನು. ಸ್ಟೀಲ್ ತಟ್ಟೆಯಲ್ಲಿ ವ್ಯಾಗನ್ ಇಟ್ಟುಕೊಂಡು, ಮಧ್ಯಾಹ್ನ ಅನ್ನಕ್ಕಿಟ್ಟು, ಕಿಟಕಿಯ ಬಳಿ ಕೂರುವಳು. ಪ್ರತಿ ರಿವೆಟ್ಟಿನ ಕೆಳಗೆ ಕೂದಲಿನಷ್ಟು ಸಣ್ಣ ಕಿತ್ತಳೆ ಗೆರೆ, ಮಳೆನೀರು ಇಳಿದು ಒಣಗಿದ ಹಾಗೆ. ಚಕ್ರದ ಮೇಲ್ಗಡೆ ಬ್ರೇಕಿನ ಪುಡಿ. ಬಾಗಿಲಿನ ಮೂಲೆಯಲ್ಲಿ ಚೀಲ ತಿಕ್ಕಿ ತಿಕ್ಕಿ ಬಣ್ಣ ಹೋದ ಹೊಳಪು. ಒಂದನ್ನು ನನ್ನ ಕೈಗಿಟ್ಟಾಗ ಬೆರಳಿಗೆ ಕೊಳೆ ಹತ್ತಿತೇನೋ ಎಂದು ಸೆರಗಿಗೆ ಒರೆಸಿಕೊಂಡಿದ್ದೇನೆ.

"ಇಷ್ಟು ವರ್ಷ ತೆಗೆದೆ ಅಕ್ಕ, ಈಗ ಹಾಕ್ತಾ ಇದೀನಿ," ಎಂದಳು. ಅವಳಿಗೆ ಎಷ್ಟು ಖುಷಿಯಾಗಿತ್ತು ಎಂದರೆ ಮುಖ ನೋಡಲಾಗುತ್ತಿರಲಿಲ್ಲ, ನನ್ನ ಕಣ್ಣೇ ತುಂಬುತ್ತಿತ್ತು.

ಗುಂಪಿನವರು ಬೆರಗಾದರು. ರಸೂಲ್ ಅಂಕಲ್ ತುಕ್ಕು ಎಂದೇ ಹೆಸರಾಯಿತು. ಭಾಯಿ ಇಲ್ಲವೆನ್ನಲಿಲ್ಲ. ಮೊದಲ ಸಲ ಸಂಕೋಚ ಇದ್ದಿರಬಹುದು, ಆಮೇಲೆ ಅಭ್ಯಾಸವಾಯಿತು. ಇದು ನನಗೆ ತಿಳಿದಾಗ ಸಿಟ್ಟು ಬಂತು. ಅಮೀನಾ ಮಾತ್ರ, "ಒಂದಿನ ಅವ್ರೇ ಹೇಳ್ತಾರೆ ಬಿಡಿ ಅಕ್ಕ" ಎನ್ನುತ್ತಿದ್ದಳು.

ಹೋದ ವರ್ಷ ಡಿಸೆಂಬರಿನಲ್ಲಿ ಅಲ್ಲಾಳಸಂದ್ರದ ಒಂದು ಹಾಲ್‌ನಲ್ಲಿ ಆ ಗುಂಪಿನ ಪ್ರದರ್ಶನ ನಡೆಯಿತು. ಅಮೀನಾ ರಂಜಾನಿಗೆ ಹೊಲಿಸಿದ್ದ ನೀಲಿ ಬಟ್ಟೆ ತೊಟ್ಟು, ನನ್ನನ್ನೂ ಹೊರಡಿಸಿದಳು. ಆಟೋ ಹತ್ತುವಾಗ ಕಿವಿಯಲ್ಲಿ ಹೇಳಿದಳು: "ಇವತ್ತು ಎಲ್ಲರ ಮುಂದೆ ನನ್ನ ಹೆಸರು ಹೇಳ್ತಾರಂತೆ. ಮಾತು ಕೊಟ್ಟಿದ್ದಾರೆ."

ಹಾಲ್ ತುಂಬ ಜನ. ಉದ್ದನೆಯ ಮೇಜಿನ ಮೇಲೆ ಹಳಿ ಹಾಕಿ, ಭಾಯಿಯ ವ್ಯಾಗನ್ನುಗಳನ್ನು ಸಾಲಾಗಿ ಓಡಿಸುತ್ತಿದ್ದರು. ಕನ್ನಡಕದ ಹಿರಿಯರೊಬ್ಬರು ಬಗ್ಗಿ, ಕಣ್ಣು ಕಿರಿದು ಮಾಡಿ, ಕಲ್ಲಿದ್ದಲಿನ ವ್ಯಾಗನ್ನನ್ನು ತುಂಬ ಹೊತ್ತು ನೋಡಿದರು.

"ಇದು ಬಣ್ಣ ಅಲ್ಲ ಕಣ್ರೀ, ತುಕ್ಕೇ. ಯಾರ ಕೈಕೆಲಸ ಇದು? ಹೇಗೆ ಮಾಡಿದ್ರಿ?"

ಅಮೀನಾ ಭಾಯಿಯ ಪಕ್ಕದಲ್ಲೇ ನಿಂತಿದ್ದಳು, ಊಟದ ಬುತ್ತಿಯ ಚೀಲ ಹಿಡಿದುಕೊಂಡು. ಅವಳು ಮುಸುಕು ಸರಿಮಾಡಿಕೊಂಡದ್ದನ್ನು ನಾನು ನೋಡಿದೆ.

"ಅನುಭವ ಸಾರ್," ಎಂದರು ರಸೂಲ್ ಭಾಯಿ. "ಮೂವತ್ತು ವರ್ಷ ಗಾಡಿ ಕೆಳಗೇ ಇದ್ದೆ ನಾನು."

ಎಲ್ಲರೂ ಚಪ್ಪಾಳೆ ತಟ್ಟಿದರು. ಮುನಿರತ್ನ ಶಾಲು ಹೊದಿಸಿದ. ಅಮೀನಾ ಬುತ್ತಿಯ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡಳು.

ವಾಪಸು ಬರುವಾಗ ಕೊಡಿಗೇಹಳ್ಳಿ ಸಿಗ್ನಲಿನಲ್ಲಿ ಆಟೋ ನಿಂತಿತು. ನನಗೆ ತಡೆಯಲಾಗಲಿಲ್ಲ.

"ಶಾಲು ಬೆಚ್ಚಗಿದೆಯಾ ರಸೂಲ್ ಭಾಯಿ?"

"ಅಷ್ಟು ಜನ ಇದ್ರಲ್ಲಮ್ಮ, ಮಾತು ಹೊರಡಲಿಲ್ಲ," ಎಂದರು. ಅನುಭವದ ಮಾತು ಹೇಗೆ ಹೊರಟಿತು ಎಂದು ಕೇಳಬೇಕೆಂದಿದ್ದೆ. ಅಮೀನಾ ನನ್ನ ಮೊಣಕೈ ಹಿಡಿದಳು.

ಆಮೇಲೆ ಅವರು ಒಂದು ಮುಚ್ಚಿದ ವ್ಯಾಗನ್ ಕಟ್ಟಿದರು, ಅಕ್ಕಿ ಗೋಧಿ ಸಾಗಿಸುವಂಥದ್ದು. ಎಂದಿನಂತೆ ಸ್ಟೀಲ್ ತಟ್ಟೆಯಲ್ಲಿಟ್ಟು ಅವಳ ಮುಂದೆ ಸರಿಸಿದರು. ಅಮೀನಾ ಕೂತಳು. ಅದರ ಒಂದು ಪಕ್ಕವನ್ನು ಮಾಡಿದಳು ನೋಡಿ, ಅಂಥ ಕೆಲಸವನ್ನು ಅವಳೇ ಹಿಂದೆ ಮಾಡಿರಲಿಲ್ಲ. ಬಾಗಿಲ ಸಂದಿಯಿಂದ ಸೋರಿದ ಹಿಟ್ಟಿನ ಬಿಳುಪು ಸಹ ಇತ್ತು, ಮಳೆಗೆ ನೆನೆದು ಹೆಪ್ಪುಗಟ್ಟಿದ್ದು. ಮುಗಿಸಿ, ಕೈ ತೊಳೆದು, ವ್ಯಾಗನ್ನನ್ನು ತಿರುಗಿಸಿ, ಹೊಸ ಬಣ್ಣ ಥಳಥಳಿಸುವ ಪಕ್ಕ ಹೊರಗೆ ಕಾಣುವ ಹಾಗೆ ಟೀವಿಯ ಪಕ್ಕದಲ್ಲಿಟ್ಟಳು. ಮೊಸರು ಕೊಡಲು ಹೋಗಿದ್ದ ನಾನು ಅಲ್ಲೇ ಇದ್ದೆ.

"ಈ ಕಡೆ ನೀವೇ ಮಾಡಿ," ಎಂದಳು ಗಂಡನಿಗೆ. "ಮೂವತ್ತು ವರ್ಷದ ಅನುಭವ ಇದೆಯಲ್ಲ."

ಅವರು ನಕ್ಕರು. ಅವಳು ನಗಲಿಲ್ಲ. ಆಗ ಅವರೂ ಮುಖ ಬಿಗಿದುಕೊಂಡರು.

ವ್ಯಾಗನ್ ಅಲ್ಲೇ ಕೂತಿತು. ಮನೆಯಲ್ಲಿ ಬೇರೆ ಜಗಳವೇನೂ ಇರಲಿಲ್ಲ. ಅಡುಗೆ, ಊಟ, ಮಾತು ಎಲ್ಲ ನಡೆಯುತ್ತಿತ್ತು. ಆ ಒಂದು ವಿಷಯ ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ. "ಅವ್ರು ಒಂದು ಮಾತು ಕೇಳಲಿ ಅಕ್ಕ," ಎಂದಳು ಅಮೀನಾ ನನ್ನ ಬಳಿ. "ಅಮೀನಾ, ನಂಗೆ ಬರಲ್ಲ, ನೀನೇ ಮಾಡು ಅಂತ. ಆವಾಗ್ಲೇ ಕೂತು ಮಾಡ್ತೀನಿ. ಶಾಲು ಯಾರಿಗೆ ಬೇಕು?"

ಭಾಯಿಗೆ ಹೇಳಿದೆ. "ಅವಳನ್ನ ಒಂದ್ಸಲ ಕೇಳ್ರೀ, ನಾಲಿಗೆ ಸವೆಯತ್ತಾ?"

"ಅವಳೇ ಮಾಡ್ತಾಳೆ ಬಿಡಿ," ಎಂದರು. "ಎಷ್ಟು ದಿನ ಇರತ್ತೆ ಕೋಪ?"

ಆಷಾಢದಲ್ಲಿ, ಗಾಳಿ ಜೋರಿದ್ದ ಒಂದು ಬೆಳಿಗ್ಗೆ, ಅಮೀನಾಳಿಗೆ ಎದೆ ಹಿಡಿದುಕೊಂಡಿತು. ಹೆಬ್ಬಾಳದ ಆಸ್ಪತ್ರೆ ಮುಟ್ಟುವ ಮೊದಲೇ ಮುಗಿದಿತ್ತು. ಆಟೋದಲ್ಲಿ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಬೆರಳಿನ ಉಗುರುಗಳು ಎಷ್ಟು ಚೊಕ್ಕಟವಾಗಿದ್ದವು ಎಂದು, ಅಂಥ ಹೊತ್ತಿನಲ್ಲೂ ಯಾಕೋ, ನೋಡಿದೆ. ಆಮೇಲೆ ಎಷ್ಟೋ ದಿನ ಸೋಪಿನ ಪೆಟ್ಟಿಗೆ ಒಡೆಯುವಾಗ ಅಳು ಬರುತ್ತಿತ್ತು.

ಈ ಡಿಸೆಂಬರಿನ ಪ್ರದರ್ಶನ ಹತ್ತಿರ ಬಂದಾಗ ಮುನಿರತ್ನ ಮನೆಗೆ ಬಂದ. ಟೀವಿಯ ಪಕ್ಕದ ವ್ಯಾಗನ್ನನ್ನು ತಿರುಗಿಸಿ ನೋಡಿದವನು ಹಾಗೇ ನಿಂತುಬಿಟ್ಟ.

"ಅಂಕಲ್, ಇದು ನಿಮ್ಮ ಬೆಸ್ಟ್. ಇನ್ನೊಂದು ಸೈಡ್ ಮುಗಿಸಿಬಿಡಿ, ಇದನ್ನೇ ಮುಂದೆ ಇಡೋಣ."

ರಸೂಲ್ ಭಾಯಿ ಕುರ್ಚಿಯಿಂದ ಎದ್ದರು. "ಅದು ನಂದಲ್ಲ ಮುನಿರತ್ನ. ಅಮೀನಾದು. ಯಾವುದೂ ನಂದಲ್ಲ. ತುಕ್ಕು ಎಲ್ಲಾ ಅವಳೇ ಮಾಡಿದ್ದು."

ನಾನು ಬಾಗಿಲಲ್ಲೇ ನಿಂತಿದ್ದೆ. ಕೊನೆಗೂ ಹೇಳಿದರಲ್ಲ.

ಮುನಿರತ್ನ ಅವರ ಭುಜ ಸವರಿದ. "ಹೌದು ಅಂಕಲ್. ಆಂಟಿ ಸಪೋರ್ಟ್ ಇಲ್ದೆ ಆಗ್ತಿತ್ತಾ ಇದೆಲ್ಲ? ಅವರ ನೆನಪಿಗೇ ಇಡೋಣ. ನೀವು ನಿಧಾನಕ್ಕೆ ಮಾಡಿ."

"ಇಲ್ಲಪ್ಪ, ನಿಜವಾಗ್ಲೂ..."

"ಗೊತ್ತು ಅಂಕಲ್, ಗೊತ್ತು," ಎಂದು ಅವನು ಕಣ್ಣೊರೆಸಿಕೊಂಡ. ಒಳ್ಳೆಯವನೇ. ಹೆಂಡತಿ ಸತ್ತ ಸಂಕಟದಲ್ಲಿ ಮುದುಕ ಏನೋ ಹೇಳುತ್ತಿದ್ದಾನೆ ಎಂದುಕೊಂಡ. ನಾನೂ ಬಾಯಿ ಹಾಕಿದೆ, ಅಮೀನಾಳೇ ಮಾಡಿದ್ದು ಎಂದೆ. ಅವನು ನನಗೂ ಗೊತ್ತು ಗೊತ್ತು ಎಂದೇ ತಲೆ ಆಡಿಸಿದ.

ಆಮೇಲೆ ರಸೂಲ್ ಭಾಯಿ ತಾವೇ ಕೂತರು. ಇಟ್ಟಿಗೆ ಪುಡಿ, ಮಸಿ, ಸ್ಪಂಜು, ಎಲ್ಲ ಅವಳ ಸಾಮಾನೇ. ಬಳಿದರು, ಒರೆಸಿದರು, ಮತ್ತೆ ಬಳಿದರು. ಹಳಿಯ ಬದಿಗೆ ಹೋಗಿ ಗಾಡಿಗಳನ್ನು ನೋಡಿ ಬಂದರು. ಪ್ರತಿ ಸಲವೂ ಅದೇ ಹುಳಿ ಚೆಲ್ಲಿದ ಬಣ್ಣ.

ಒಂದು ಬೆಳಿಗ್ಗೆ ನನ್ನ ಅಂಗಡಿಗೆ ಬಂದರು. ಕಂಕುಳಲ್ಲಿ ಖಾಕಿ ಅಂಗಿಗಳು. ಯಾರ್ಡಿನಲ್ಲಿ ತೊಟ್ಟಿದ್ದವು, ಅಮೀನಾ ಒಗೆದು ಟ್ರಂಕಿನಲ್ಲಿ ಇಟ್ಟಿದ್ದವು.

"ಗಾಡಿ ನೋಡಿದ್ರೆ ನಂಗೆ ಬ್ರೇಕ್ ರಾಡೇ ಕಾಣತ್ತೆ ಅಕ್ಕ," ಎಂದರು. "ಅವಳು ಕಲ್ತಿದ್ದು ಈ ಅಂಗಿಗಳಿಂದ. ನೀವು ಸ್ವಲ್ಪ ನೋಡಿ. ಎಲ್ಲಾದ್ರೂ ಒಂದು ಕರೆ ಉಳಿದಿದ್ರೆ, ಅದನ್ನ ಮುಂದೆ ಇಟ್ಕೊಂಡು ಮಾಡ್ತೀನಿ."

ಮೈಮೇಲೆ ಹೊತ್ತು ತಿರುಗುವಾಗ ನೋಡಲಿಲ್ಲವೇ ಎಂದು ಬೈಯಲು ಬಾಯಿ ತೆರೆದಿದ್ದೆ. ಅವರು ಅಂಗಿಗಳನ್ನು ಎರಡೂ ಕೈಯಲ್ಲಿ ನನ್ನತ್ತ ಚಾಚಿದರು, ಬೈಯಲಾಗಲಿಲ್ಲ. ಅಂಗಿಗಳನ್ನು ಬೀದಿಯ ಬಿಸಿಲಿಗೆ ತಂದು ಒಂದೊಂದಾಗಿ ನೋಡಿದೆ. ಕಾಲರು, ತೋಳಿನ ಪಟ್ಟಿ, ಜೇಬಿನ ಮೂಲೆ, ಗುಂಡಿಯ ಹಿಂದೆ. ಒಳಮಗ್ಗುಲು ತಿರುಗಿಸಿ ಹೊಲಿಗೆಯ ಸಂದಿಯನ್ನೂ ಬಿಡಿಸಿ ನೋಡಿದೆ. ಬಟ್ಟೆ ತೆಳ್ಳಗಾಗಿತ್ತು, ಮೊಣಕೈಯಲ್ಲಿ ತೇಪೆ ಇತ್ತು. ಮಾಸಿದ ಒಂದು ಚುಕ್ಕೆಯಾದರೂ ಇರಲಿಲ್ಲ. ಮೂಗಿಗೆ ಹಿಡಿದರೆ ನನ್ನ ಅಂಗಡಿಯ ಸೋಪಿನ ವಾಸನೆ.

"ಒಂದೂ ಬಿಟ್ಟಿಲ್ಲ ಅವಳು," ಎಂದೆ.

ಭಾಯಿ ಅಂಗಡಿಯ ಮೆಟ್ಟಿಲ ಮೇಲೆ ಕೂತರು. "ಒಂದು ಸಲ ಅಂಗಿ ಹಿಡ್ಕೊಂಡು ಬಂದಿದ್ಲು," ಎಂದರು. "ನೋಡಿ ಬನ್ನಿ, ಇವತ್ತು ಏನೇನು ತಂದಿದ್ದೀರಿ ತೋರಿಸ್ತೀನಿ ಅಂದ್ಲು. ಹಸಿವಾಗಿತ್ತು ನಂಗೆ. ಊಟಕ್ಕೆ ಹಾಕು ಮೊದಲು ಅಂದೆ."

ಬದುಕಿದ್ದಾಗ ಕೇಳಿದ್ದರೆ ಆ ಇನ್ನೊಂದು ಪಕ್ಕ ಅವಳಿಗೆ ಒಂದು ಮಧ್ಯಾಹ್ನದ ಕೆಲಸವಾಗುತ್ತಿತ್ತು. ಇದನ್ನು ಅವರಿಗೆ ಹೇಳಲಿಲ್ಲ, ಅವರಿಗೆ ಗೊತ್ತಿತ್ತು. ಅಂಗಿಗಳನ್ನು ತೊಡೆಯ ಮೇಲೆ ಹರಡಿಕೊಂಡು ಮಡಿಸಲು ನೋಡಿದರು. ಅದೂ ಬರಲಿಲ್ಲ. ಕೊನೆಗೆ ನಾನೇ ಮಡಿಸಿ ಕೊಟ್ಟೆ.