ಆಚೆ ದಡದವರೆಗಿನ ದಾರಿ

ಮೊನ್ನೆ ಬಡಗಿ ಹಳೆಯ ಪೈನ್ ಮರದ ಪೆಟ್ಟಿಗೆಯೊಂದನ್ನು ಒಡೆದ. ಆ ರಾಳದ ವಾಸನೆ ಮೂಗಿಗೆ ಬಡಿದದ್ದೇ ತಡ, ಮಂಕಿಯ ನನ್ನ ಮನೆಯೊಡತಿ ನೆನಪಾದರು...

ಅರವತ್ತರ ದಶಕದ ಆರಂಭ. ಹೊನ್ನಾವರದಿಂದ ಶರಾವತಿ ದಾಟಿ ಹೋಗಬೇಕಾದ ಮಂಕಿ ಊರಿನ ಶಾಲೆಗೆ ಹೊಸ ಅಕ್ಕೋರಾಗಿ ಬಂದ ನಾನು ಅವರ ಹೊರಕೋಣೆಯಲ್ಲಿ ಬಾಡಿಗೆಗಿದ್ದೆ. ಅವರ ಗಂಡ ಮುಂಬಯಿಯಲ್ಲಿ ಹಡಗು ಹತ್ತಿದವರು. ಅಮೆರಿಕದ ಮೇನ್ ಎಂಬ ರಾಜ್ಯದ ಬಂದರಿನಲ್ಲಿ ಇಳಿದು ಪೇಟೆ ನೋಡಲು ಹೋದವರು ಮರಳಲಿಲ್ಲವಂತೆ. ಜೊತೆಗಾರರು ತಂದುಕೊಟ್ಟ ಪೈನ್ ಪೆಟ್ಟಿಗೆಯಲ್ಲಿ ಎರಡು ಅಂಗಿ, ಒಂದು ಇಂಗ್ಲಿಷ್ ಪುಸ್ತಕ. ಆ ರಾಜ್ಯ ನೋಡಬರುವ ಪ್ರವಾಸಿಗಳಿಗೆಂದು ಬರೆದದ್ದು.

ಅವರ ಮನೆತನದಲ್ಲೊಂದು ಪದ್ಧತಿಯಿತ್ತು. ಪರಸ್ಥಳದಲ್ಲಿ ಸತ್ತವರಿಗೆ ಮಹಾಲಯ ಅಮಾವಾಸ್ಯೆಗೆ ಎಡೆ ಇಡುವ ಮೊದಲು, ಮನೆಯವರೊಬ್ಬರು ಅಂಗಳದ ಬೇಲಿಬಾಗಿಲು ದಣಪೆಯ ಬಳಿ ನಿಂತು, ಸತ್ತ ಊರಿನಿಂದ ಮನೆಯವರೆಗಿನ ದಾರಿಯನ್ನು ಹೇಳುತ್ತಾ ಕರೆಯಬೇಕು. ಇಲ್ಲವಾದರೆ ಸತ್ತವರು ದಾರಿ ತಪ್ಪುತ್ತಾರೆ. ಸುದ್ದಿಯಿಲ್ಲದೆ ಹನ್ನೆರಡು ವರ್ಷ ತುಂಬಿತು, ಆ ವರ್ಷ ಎಡೆ ಇಡಲೇಬೇಕೆಂದು ಮೈದುನ ಪಟ್ಟು ಹಿಡಿದಿದ್ದರು. ಕರೆದರೆ ಗಂಡ ಸತ್ತನೆಂದು ಒಪ್ಪಿದಂತೆ. ಅದೇ ಮನೆಯೊಡತಿಯ ಸಂಕಟ. ಆದರೂ ದಾರಿ ಕಲಿಯತೊಡಗಿದರು.

ದಿನಾ ಸಂಜೆ ನಾನು ಓದಿ ಹೇಳುತ್ತಿದ್ದೆ. ಆ ನೆಲದ ಮೂಲ ಜನ, ಅದಕ್ಕಾಗಿ ಫ್ರೆಂಚರೂ ಇಂಗ್ಲಿಷರೂ ಕಾದಾಡಿದ್ದು, ಕಾಡು ಕಡಿದು ದಿಮ್ಮಿಗಳನ್ನು ಹೊಳೆಯಲ್ಲಿ ತೇಲಿಬಿಟ್ಟದ್ದು... ಪಾಠ ಹೇಳುವ ಚಟ ನನಗೆ, ಬಿಡುತ್ತದೆಯೇ? “ಯುದ್ಧ ಎಂತಕ್ಕೆ ಅಕ್ಕೋರೇ, ದಾರಿ ಹೇಳಿ” ಎನ್ನುತ್ತಿದ್ದರು. ಗಂಡ ಎಲ್ಲಿ ಕಳೆದುಹೋದರೋ ಗೊತ್ತಿಲ್ಲದ್ದರಿಂದ ದಾರಿ ಒಳನಾಡಿನಿಂದಲೇ ಶುರು. ಕಟಾಡಿನ್ ಬೆಟ್ಟ, ಪೆನೋಬ್‌ಸ್ಕಾಟ್ ಹೊಳೆ, ಪೋರ್ಟ್‌ಲೆಂಡ್ ಬಂದರಿನ ದೀಪಸ್ತಂಭ ಎಲ್ಲ ಅವರಿಗೆ ಬಾಯಿಪಾಠವಾಯಿತು.

ಒಂದು ಸಂಜೆ, ಹೊಳೆ ದಾಟಿದ ಮೇಲೆ ಬಿಳಿ ಇಗರ್ಜಿ ಬರುತ್ತದಲ್ಲ ಎಂದು ಅವರೇ ಕೇಳಿದರು. ಮುಂದಿನ ಹಾಳೆಗಳು ಉಪ್ಪುನೀರು ಕುಡಿದು ಅಂಟಿಕೊಂಡಿದ್ದವು, ಅವನ್ನು ನಾನೂ ಓದಿರಲಿಲ್ಲ. ನಾನು ಚಾಕುವಿನಿಂದ ಮೆಲ್ಲಗೆ ಬಿಡಿಸಿದೆ. ಒಳಗೆ ಬಿಳಿ ಇಗರ್ಜಿಯ ಚಿತ್ರವಿತ್ತು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಅಮಾವಾಸ್ಯೆಯ ಮಧ್ಯಾಹ್ನ ಅವರು ದಣಪೆಯ ಬಳಿ ನಿಂತು ಕರೆದರು. ಬೆಟ್ಟ, ಹೊಳೆ, ಇಗರ್ಜಿ, ದೀಪಸ್ತಂಭ, ಸಮುದ್ರ, ಮುಂಬಯಿ, ಕಾರವಾರ, ಕುಮಟಾ, ಹೊನ್ನಾವರ... ಅಲ್ಲಿಗೆ ನಿಲ್ಲಿಸಿದರು. ಶರಾವತಿ ದಾಟಿಸಿ ಮಂಕಿಗೆ ಕರೆಯಲೇ ಇಲ್ಲ. ಮೈದುನ ಗದರಿದರು. ಅವರು ನನ್ನತ್ತ ತಿರುಗಿದರು.

“ಆಚೆ ದಡದಲ್ಲೇ ಇರ್ಲಿ ಅಕ್ಕೋರೇ. ಮನೆಗೆ ಕರೆದ್ರೆ ಅವ್ರು ಸತ್ತ ಹಾಂಗೆ ಆತು, ಅಲ್ದಾ?”

ಕಾಗೆ ಎಡೆಯನ್ನು ಮುಟ್ಟಲಿಲ್ಲ.

ಮರುದಿನ ಕೆಲಸದ ಮೇಲೆ ಹೊನ್ನಾವರಕ್ಕೆ ಹೋಗುವಾಗ ತಾರಿ ದೋಣಿಯವನು ಒಂದು ಸುದ್ದಿ ಹೇಳಿದ. ಹಿಂದಿನ ಸಂಜೆ ಆಚೆ ದಡದಲ್ಲಿ ದಪ್ಪ ಕೋಟಿನ ಗಂಡಸೊಬ್ಬ ನಿಂತಿದ್ದನಂತೆ. ಎಷ್ಟು ಕರೆದರೂ ದೋಣಿ ಹತ್ತದೆ ಮಂಕಿಯ ದಿಕ್ಕನ್ನೇ ನೋಡುತ್ತಿದ್ದನಂತೆ. ನಾನು ಬಂದು ಹೇಳಿದಾಗ ಅವರಿಗೆ ಆಶ್ಚರ್ಯವಾಗಲಿಲ್ಲ. ಹಣೆಯ ಕುಂಕುಮ ಸರಿಮಾಡಿಕೊಂಡು ಅನ್ನಕ್ಕೆ ಎಸರಿಟ್ಟರು.

ಶರಾವತಿಗೆ ಸೇತುವೆಯಾಗಿ ಬಹಳ ಕಾಲವಾಯಿತು. ಅವರು ಕುಂಕುಮ ಇಟ್ಟುಕೊಂಡೇ ಹೋದರು. ಮೈದುನನ ಮಕ್ಕಳಿಗೆ ಪದ್ಧತಿಯೂ ಗೊತ್ತಿಲ್ಲ, ದಾರಿಯೂ ಗೊತ್ತಿಲ್ಲ. ಅವರಿಲ್ಲದ ಕೊರತೆ ಈ ವಯಸ್ಸಿನಲ್ಲಿ ಹೆಚ್ಚೇ ಕಾಡುತ್ತದೆ... ಆ ದಾರಿ ಪೂರ್ತಿ ಬಲ್ಲವಳು ಈಗ ನಾನೊಬ್ಬಳೇ. ಆಚೆ ದಡದಲ್ಲಿ ನಿಂತವರನ್ನು ಇನ್ನಾದರೂ ಮನೆಗೆ ಕರೆಯೋಣವೆಂದರೆ, ನಾನು ಆ ಮನೆಯವಳಲ್ಲ.